ಬೈಯಣ್ಣನವರ ಏಳನೆಯ ನಿಲುವು

ಬಿಸಿಲಿಗೆ ಹೆದರಿ ಬಹಿರಂಗ ಸಭೆಗಳು ನಿಂತುಹೋದ ಮೇಲೆ ನಡೆದ ಎರಡನೆಯ ಲೋಕಸಭಾ ಚುನಾವಣೆ ಅದು. ಹಿಂದೊಮ್ಮೆ ಏಪ್ರಿಲ್ ತಿಂಗಳ ಒಂದೇ ಮಧ್ಯಾಹ್ನ, ಮೈದಾನದಲ್ಲಿ ಭಾಷಣ ಕೇಳುತ್ತ ನಿಂತಿದ್ದ ಹದಿನಾಲ್ಕು ಜನ ಕುಸಿದು ಸತ್ತಿದ್ದರು. ಅಂದಿನಿಂದ ಬೇಸಿಗೆಯಲ್ಲಿ ಬಯಲಲ್ಲಿ ಜನ ಸೇರಿಸುವುದನ್ನು ಕಾನೂನು ತಡೆದಿತ್ತು. ಅಭ್ಯರ್ಥಿಯೇ ಮನೆಮನೆಗೆ ಹೋಗೋಣವೆಂದರೆ ಒಂದೊಂದು ಕ್ಷೇತ್ರದಲ್ಲೂ ಹದಿನೆಂಟು ಲಕ್ಷ ಮತದಾರರು. ಹೀಗಾಗಿ ಅವನ ಬದಲು ಅವನ ಧ್ವನಿ ಹೋಗುವ ಏರ್ಪಾಟಾಯಿತು.

ನಿಯಮ ಸರಳವಾಗಿತ್ತು. ದೇಶದ ಏಳು ಮುಖ್ಯ ಪ್ರಶ್ನೆಗಳ ಬಗ್ಗೆ ಅಭ್ಯರ್ಥಿ ತನ್ನ ನಿಲುವನ್ನು ಬರೆದು ಸಹಿ ಮಾಡಿ ಕೊಡಬೇಕು. ಅದಕ್ಕೆ ನಿಲುವು ಪತ್ರ ಎಂದು ಹೆಸರು. ಅವನ ಧ್ವನಿಯನ್ನು ಕಲಿತ ಯಂತ್ರ ಪ್ರತಿ ಮನೆಗೂ ಫೋನ್ ಮಾಡಿ, ತಾನು ಯಂತ್ರವೆಂದು ಮೊದಲೇ ಹೇಳಿ, ಜನ ಕೇಳಿದ್ದಕ್ಕೆ ಆ ಪತ್ರದ ವಾಕ್ಯಗಳಲ್ಲೇ ಉತ್ತರ ಕೊಡಬೇಕು. ಪತ್ರದಲ್ಲಿ ಇಲ್ಲದ ಒಂದು ಅಕ್ಷರವನ್ನೂ ಆಡುವಂತಿಲ್ಲ. ನಡೆದ ಮಾತುಕತೆಯೆಲ್ಲ, ಕೇಳಿದವರು ಆಡಿದ ಮಾತೂ ಸೇರಿ, ಬರಹರೂಪದಲ್ಲಿ ಚುನಾವಣಾಧಿಕಾರಿಗಳಿಗೆ ಹೋಗುತ್ತಿತ್ತು. ಅವರು ಸಾಲು ಸಾಲು ಓದಿ ನೋಡುತ್ತಿದ್ದರು. ಬಾಯಿಗೆ ಬಂದಂತೆ ಭರವಸೆ ಕೊಡುವ ಕಾಲ ಮುಗಿಯಿತೆಂದು ಪತ್ರಿಕೆಗಳು ಹೊಗಳಿದ್ದವು.

ಕೆಂಪಗುಡ್ಡ ಕ್ಷೇತ್ರದ ಅಭ್ಯರ್ಥಿ ಬೈಯಣ್ಣನವರ ಯಂತ್ರವನ್ನು ರೂಪಿಸಿದವಳು ಇಂದುಮತಿ. ನಲವತ್ತೊಂದು ವರ್ಷದ ಧ್ವನಿವಿಜ್ಞಾನಿ. ಮೈಸೂರಿನಲ್ಲಿ ಹನ್ನೆರಡು ವರ್ಷ ಪಾಠ ಹೇಳಿದ್ದವಳು. ಹುಟ್ಟಿದ್ದು ಮಾತ್ರ ಇದೇ ಕೆಂಪಗುಡ್ಡದ ಚಿನ್ನದ ಗಣಿ ಕಾಲೋನಿಯಲ್ಲಿ. ಗಣಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಅವಳ ಅಕ್ಕ ಜಯಶೀಲ, ಭಾವ ಪಾಪಣ್ಣ ಅಲ್ಲೇ ತಗಡಿನ ಮಾಡಿನ ಮನೆಯಲ್ಲಿದ್ದರು. ಅಪ್ಪ ಗಣಿಯೊಳಗೆ ಸತ್ತಾಗ ಇಂದುಮತಿಗೆ ಏಳು ವರ್ಷ. ಪಾಪಣ್ಣನೇ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೈಸ್ಕೂಲು ಮುಗಿಯುವವರೆಗೂ ಶಾಲೆಗೆ ಬಿಟ್ಟುಬಂದವನು. ಚುನಾವಣೆಯ ಎರಡು ತಿಂಗಳು ಬೇರೆಲ್ಲೂ ಉಳಿಯಬಾರದು ಎಂದು ಅಕ್ಕ ಹಟ ಹಿಡಿದಿದ್ದರಿಂದ ಅವಳು ಅವರ ಮನೆಯಲ್ಲೇ ಇದ್ದಳು.

ಬೈಯಣ್ಣನವರು ಹಾಲಿನ ಸೊಸೈಟಿಯಿಂದ ಮೇಲೆ ಬಂದ ಮನುಷ್ಯ. ಐವತ್ತಾರು ವರ್ಷ, ಬಿಳಿ ಅಂಗಿ, ಮಾತಾಡುವಾಗ ಎದುರಿನವರ ಮೊಣಕೈ ಹಿಡಿದುಕೊಳ್ಳುವ ಅಭ್ಯಾಸ. ಏಳರಲ್ಲಿ ಆರು ವಿಷಯಗಳಲ್ಲಿ ಅವರ ಮನಸ್ಸು ಸ್ಪಷ್ಟವಾಗಿತ್ತು. ಕೇಂದ್ರದ ನೌಕರಿ ಪರೀಕ್ಷೆ ಕನ್ನಡದಲ್ಲೂ ನಡೆಯಬೇಕು ಎನ್ನುವಾಗ ಅವರು ತಂಗಿಯ ಮಾತು ತೆಗೆಯುತ್ತಿದ್ದರು. ಆಕೆ ರೈಲ್ವೆ ಪರೀಕ್ಷೆಯಲ್ಲಿ ಪ್ರಶ್ನೆಯೇ ಅರ್ಥವಾಗದೆ ಎದ್ದು ಬಂದಿದ್ದಳಂತೆ. ಹೊರದೇಶದ ಹಾಲಿನ ಪುಡಿ ಒಳಗೆ ಬರಬಾರದು, ಆಸ್ಪತ್ರೆಯ ವಿಮೆ ಹೊರರೋಗಿಗಳಿಗೂ ಸಿಗಬೇಕು, ಪಡಿತರದಲ್ಲಿ ರಾಗಿ ಕೊಡಬೇಕು, ನಾಲ್ಕು ವರ್ಷಕ್ಕೆ ಮನೆಗೆ ಕಳಿಸುವ ಸೈನ್ಯದ ಭರ್ತಿ ನಿಲ್ಲಬೇಕು, ನಮ್ಮ ಕೆರೆ ತುಂಬಿಸದೆ ನದಿಗಳನ್ನು ಎಲ್ಲಿಗೋ ಜೋಡಿಸುವುದು ಬೇಡ. ಇವೆಲ್ಲಕ್ಕೂ ಮೂವತ್ತು ಮೂವತ್ತು ವಾಕ್ಯಗಳನ್ನು ತಾವೇ ಕೂತು ಬರೆಸಿದ್ದರು.

ಏಳನೆಯದಕ್ಕೆ ಬಂದಾಗ ನಿಂತರು. ಅಣುವಿದ್ಯುತ್ ಸ್ಥಾವರಗಳಲ್ಲಿ ಉರಿದುಳಿದ ಇಂಧನವನ್ನು ಆಳವಾದ ಹಳೆಯ ಗಣಿಗಳಲ್ಲಿ ಹೂಳುವ ಮಸೂದೆ ದೆಹಲಿಯಲ್ಲಿ ಸಿದ್ಧವಾಗುತ್ತಿತ್ತು. ದೇಶದಲ್ಲಿ ಅಷ್ಟು ಆಳದ ಗಣಿಗಳಿದ್ದದ್ದು ಬೆರಳೆಣಿಕೆಯಷ್ಟು. ಅವುಗಳಲ್ಲಿ ಕೆಂಪಗುಡ್ಡವೂ ಒಂದು. ಕ್ಷೇತ್ರದ ಉಳಿದ ಬಯಲಿನ ತಾಲೂಕುಗಳ ಜನ ಕರೆಂಟಿಲ್ಲದೆ ಬೇಯುತ್ತಿದ್ದರು. ಕರೆಂಟು, ಕೆಲಸ ಸಿಗುವುದಾದರೆ ಏನನ್ನಾದರೂ ಹೂಳಲಿ ಎನ್ನುತ್ತಿದ್ದರು. ಗಣಿ ಕಾಲೋನಿಯ ನಾಲ್ಕು ವಾರ್ಡುಗಳು ಮಾತ್ರ ಸತ್ತರೂ ಬೇಡ ಎನ್ನುತ್ತಿದ್ದವು. ಬೈಯಣ್ಣನವರು ಎರಡು ದಿನ ಯೋಚಿಸಿ, ತಮಗೇ ಸಮಾಧಾನವಿಲ್ಲದೆ, ಒಂದೇ ಒಂದು ವಾಕ್ಯ ಬರೆಸಿದರು: 'ದೇಶಕ್ಕೆ ಅಣುವಿದ್ಯುತ್ ಬೇಕು, ಅದರ ಉಳಿಕೆಯನ್ನು ಎಲ್ಲಾದರೂ ಇಡಲೇಬೇಕು, ಆದರೆ ನಮ್ಮ ಜನ ಒಪ್ಪದೆ ಏನೂ ಆಗಬಾರದು.'

ಪ್ರಚಾರದ ಉಸ್ತುವಾರಿ ಹೊತ್ತಿದ್ದ ಯಶೋಧರ ಅದನ್ನೋದಿ ನಕ್ಕ. ಈ ಒಂದು ವಾಕ್ಯದಿಂದ ಎರಡೂ ಕಡೆಯವರನ್ನು ಕಳೆದುಕೊಳ್ಳಬಹುದು, ಅಥವಾ ಎರಡೂ ಕಡೆಯವರನ್ನು ಗೆಲ್ಲಬಹುದು, ಅದು ನಿಮ್ಮ ಕೈಯಲ್ಲಿದೆ ಮೇಡಂ ಎಂದು ಇಂದುಮತಿಗೆ ಹೇಳಿದ.

ಅವಳಿಗೆ ಅವನ ಮಾತಿನ ಅರ್ಥ ಆ ಕ್ಷಣದಲ್ಲೇ ಆಗಿತ್ತು. ನಾಚಿಕೆಯಾಗಬೇಕಿದ್ದ ಮೊದಲ ಜಾಗ ಅದು. ಆಗಲಿಲ್ಲ.

ನಿಯಂತ್ರಣ ಕೊಠಡಿ ಇದ್ದದ್ದು ಊರಿನ ಒಂದು ಕಲ್ಯಾಣ ಮಂಟಪದಲ್ಲಿ. ಊಟದ ಹಾಲಿನ ಉದ್ದನೆಯ ಮೇಜುಗಳ ಮೇಲೆ ಪರದೆಗಳು, ಗೋಡೆಗೆ ಇನ್ನೂ ಅಂಟಿಕೊಂಡಿದ್ದ ಮದುವೆಯ ಬಣ್ಣದ ಕಾಗದ, ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳು. ಅಲ್ಲಿ ಕೂತು ಇಂದುಮತಿ ಮಾಡಿದ ಕೆಲಸವನ್ನು ಹೀಗೆ ಹೇಳಬಹುದು. ಮಾತಿನಲ್ಲಿ ಅಕ್ಷರಕ್ಕೆ ಸಿಗದ ಭಾಗವೊಂದಿದೆ: ಎಲ್ಲಿ ಉಸಿರೆಳೆದುಕೊಂಡರು, ಎಲ್ಲಿ ತಡೆದರು, ಯಾವ ಪದದ ಮೇಲೆ ದನಿ ಕೂತಿತು, ಯಾವ ಪದವನ್ನು ಬೇಗ ನುಂಗಿದರು. ಬರಹಕ್ಕೆ ಇಳಿಸಿದಾಗ ಇದೆಲ್ಲ ಮಾಯವಾಗುತ್ತದೆ. ಆದರೆ ಕೇಳುವವನು ನಂಬುವುದು ಇದನ್ನೇ. ಅವಳು ಈ ಭಾಗವನ್ನು ಯಂತ್ರದ ಕೈಗೆ ಬಿಟ್ಟಳು.

ಯಂತ್ರ ತನ್ನಷ್ಟಕ್ಕೆ ಕಲಿಯಲು ಒಂದು ಅಳತೆ ಬೇಕಲ್ಲ, ಅದಕ್ಕೆ ಅವಳು ಆರಿಸಿದ್ದು 'ಹೂಂ' ಎನ್ನುವ ಸದ್ದನ್ನು. ನಮ್ಮ ಜನ ಫೋನಿನಲ್ಲಿ ಮಾತು ಕೇಳುವಾಗ ಹೂಂಗುಟ್ಟುತ್ತಲೇ ಇರುತ್ತಾರೆ. ಬೇಸರದ ಹೂಂ ಬೇರೆ, ಅನುಮಾನದ ಹೂಂ ಬೇರೆ, ಒಪ್ಪಿಗೆಯ ಹೂಂ ಬೇರೆ. ಒಪ್ಪಿಗೆಯದು ಎದೆಯಿಂದ ಬರುತ್ತದೆ, ಕೊನೆಯಲ್ಲಿ ದನಿ ಇಳಿಯುತ್ತದೆ. ಅಂಥ ಹೂಂ ಬಂದಾಗಲೆಲ್ಲ ಯಂತ್ರ ತಾನು ಆಗಷ್ಟೇ ಆಡಿದ ರೀತಿಯನ್ನು ನೆನಪಿಟ್ಟುಕೊಳ್ಳುತ್ತಿತ್ತು. ಒಂದೇ ವಾರದಲ್ಲಿ ಅದು ಏಳನೆಯ ನಿಲುವನ್ನು ಎರಡು ಬಗೆಯಲ್ಲಿ ಹೇಳಲು ಕಲಿಯಿತು. ಬಯಲಿನ ತಾಲೂಕುಗಳಲ್ಲಿ 'ಇಡಲೇಬೇಕು' ಎಂಬಲ್ಲಿ ದನಿ ಗಟ್ಟಿಯಾಗಿ ಕೂತು, ಉಳಿದದ್ದು ಮರ್ಯಾದೆಗೆ ಹೇಳಿದಂತೆ ಹಗುರವಾಗಿ ಹೋಗುತ್ತಿತ್ತು. ಕಾಲೋನಿಯಲ್ಲಿ ಮೊದಲ ಎರಡು ಭಾಗಗಳು ಅವಸರದಲ್ಲಿ ಸಾಗಿ, 'ಆದರೆ' ಎನ್ನುವ ಮುನ್ನ ಒಂದು ಉಸಿರು ಬಂದು, ಆ ಉಸಿರು ಅರ್ಧದಲ್ಲಿ ಸಿಕ್ಕಿಕೊಂಡು, ಆಮೇಲೆ ತಗ್ಗಿದ ದನಿಯಲ್ಲಿ 'ನಮ್ಮ ಜನ ಒಪ್ಪದೆ ಏನೂ ಆಗಬಾರದು' ಎಂದು ಕೇಳುತ್ತಿತ್ತು. ಅಧಿಕಾರಿಗಳು ಎರಡೂ ಕಡೆಯ ಬರಹ ತರಿಸಿ ಹೋಲಿಸಿದರು. ಒಂದು ಕೊಂಬಿನ ವ್ಯತ್ಯಾಸವೂ ಇರಲಿಲ್ಲ.

ಅಕ್ಕನ ಮನೆಗೆ ಕರೆ ಬಂದದ್ದು ಒಂದು ಶನಿವಾರ ಬೆಳಗ್ಗೆ ಹತ್ತರ ಹೊತ್ತಿಗೆ. ಜಯಶೀಲ ಗಣಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಅದು ಮುಚ್ಚಿದ ಮೇಲೂ ಕಾಲೋನಿಯ ಮುದುಕರಿಗೆ ಇಂಜೆಕ್ಷನ್ ಹಾಕಿಕೊಂಡು ಓಡಾಡುತ್ತಿದ್ದಳು. ಅವಳು ಮುದ್ದೆ ಕಟ್ಟುತ್ತಲೇ ಮೊಣಕೈಯಿಂದ ಫೋನು ಒತ್ತಿ ಜೋರಾಗಿ ಕೇಳುವಂತೆ ಇಟ್ಟಳು. ಪಾಪಣ್ಣ ಗೋಡೆಗೆ ದಿಂಬಿಟ್ಟು ಒರಗಿದ್ದ. ಇಪ್ಪತ್ತಾರು ವರ್ಷ ಭೂಮಿಯ ಕೆಳಗೆ ಕಲ್ಲು ಕೊರೆದವನು. ಎದೆಗೆ ಧೂಳು ಹಿಡಿದು ಈಗ ಹತ್ತು ಹೆಜ್ಜೆ ನಡೆದರೆ ನಿಲ್ಲಬೇಕಿತ್ತು. ಯಂತ್ರ ತನ್ನ ಪರಿಚಯ ಹೇಳಿತು. ಅವನು ರಾಗಿಯ ಬಗ್ಗೆ ಕೇಳಿದ, ವಿಮೆಯ ಬಗ್ಗೆ ಕೇಳಿದ, ಕೊನೆಗೆ ಗಣಿಯೊಳಗೆ ಅದನ್ನು ತಂದು ಹೂಳುತ್ತಾರಂತಲ್ಲ ಎಂದು ಕೇಳಿದ.

ವಾಕ್ಯ ಬಂತು. 'ಆದರೆ' ಎನ್ನುವ ಮುನ್ನ ಆ ಉಸಿರೂ ಬಂತು. ಪಾಪಣ್ಣ ದಿಂಬು ಬಿಟ್ಟು ಎದ್ದು ಕೂತ. ಎದೆಯಿಂದ ಹೂಂ ಅಂದ.

ಕರೆ ಮುಗಿದ ಮೇಲೆ ಅವನು ಹೆಂಡತಿಯ ಕಡೆ ತಿರುಗಿದ. "ಕೇಳಿಸ್ಕೊಂಡ್ಯಾ ಜಯ? ಆವಯ್ಯಂಗೂ ಎದೆಗೆ ಧೂಳು ಹಿಡಿದೈತೆ."

ಅದು ಮಿಷಿನ್ನು, ಅದಕ್ಕೆಲ್ಲಿಯ ಎದೆ ಎಂದು ಜಯಶೀಲ ಮುದ್ದೆ ತಟ್ಟೆಗೆ ಹಾಕಿದಳು. ಮಿಷಿನ್ನಾದರೂ ಅವನ ದನಿಯಿಂದಲೇ ತಾನೇ ಮಾಡಿರುವುದು ಎಂದು ಪಾಪಣ್ಣ ವಾದಿಸಿದ. ಕೆಳಗಿಳಿದು ಕೆಲಸ ಮಾಡಿದವನಿಗಲ್ಲದೆ ಆ ಉಸಿರು ಬೇರೆಯವರಿಗೆ ಬರುವುದಿಲ್ಲ. ಹಾಲಿನ ಸೊಸೈಟಿಗೆ ಮುಂಚೆ ಎಲ್ಲೋ ಕಲ್ಲುಕ್ವಾರಿಯಲ್ಲಿ ದುಡಿದಿರಬೇಕು. ಹೊರಗೆ ಹೇಳಿಕೊಳ್ಳುವುದಿಲ್ಲ, ಅಷ್ಟೇ. ಆಮೇಲೆ ನಾದಿನಿಯ ಮುಖ ನೋಡಿದ.

"ನೀನು ಅವರ ಜೊತೆ ಇರೋಳು. ಹೌದೇನಮ್ಮ ಇಂದು, ಅವರಿಗೂ ನಮ್ಮ ಥರ ಐತಾ?"

ಇಲ್ಲ ಎನ್ನುವುದಕ್ಕೆ ಒಂದು ಉಸಿರು ಸಾಕಾಗಿತ್ತು. ಇಂದುಮತಿ ತಟ್ಟೆ ನೋಡುತ್ತ ಹೇಳಿದಳು: "ಇರಬಹುದು ಭಾವ."

ಸೋಮವಾರ ಕಲ್ಯಾಣ ಮಂಟಪಕ್ಕೆ ಹೋದವಳು ಮೊದಲು ತೆರೆದದ್ದು ಉಸಿರಿನ ಕಡತವನ್ನು. ಯಂತ್ರಕ್ಕೆ ಸ್ವಂತ ಉಸಿರಿಲ್ಲ. ಬೈಯಣ್ಣನವರ ಧ್ವನಿಮುದ್ರಣದಲ್ಲಿ ಸಿಕ್ಕ ಉಸಿರು ಬಹಳ ಕಡಿಮೆ. ಹಾಗಾಗಿ ಅವಳು ತನ್ನ ಪಿಎಚ್‌.ಡಿ. ಸಂಶೋಧನೆಯ ಕಾಲದ ನಲವತ್ತೆರಡು ಮುದ್ರಣಗಳನ್ನು ಯಂತ್ರಕ್ಕೆ ಉಣಿಸಿದ್ದಳು. ಗಣಿ ಕಾರ್ಮಿಕರ ಉಸಿರಾಟ ಕೇಳಿ ರೋಗ ಎಷ್ಟು ಮುಂದುವರಿದಿದೆ ಎಂದು ಹೇಳಬಹುದೇ ಎನ್ನುವುದು ಆ ಸಂಶೋಧನೆ. ಮೈಕಿನ ಮುಂದೆ ಕೂರಲು ಯಾರೂ ಒಪ್ಪದಿದ್ದಾಗ ಪಾಪಣ್ಣನೇ ಮೊದಲು ಕೂತು, ನಮ್ಮ ಇಂದು ಓದುತ್ತಿದ್ದಾಳೆ, ಡಾಕ್ಟ್ರುಗಳಿಗೆ ಅನುಕೂಲವಾಗುತ್ತದೆ ಎಂದು ಉಳಿದವರನ್ನೂ ಮನೆಯಿಂದ ಕರೆತಂದಿದ್ದ. ಕಾಲೋನಿಯ ಕರೆಗಳಲ್ಲಿ ಯಂತ್ರ ಎಲ್ಲವನ್ನೂ ಪ್ರಯತ್ನಿಸಿ, ಕೊನೆಗೆ ಒಂದನ್ನೇ ಉಳಿಸಿಕೊಂಡಿತ್ತು. ಅದರ ಹೆಸರು 'ಉ-೧'. ಮುದ್ರಣದ ತಾರೀಖು, ಪಕ್ಕದಲ್ಲಿ ಅವಳದೇ ಕೈಯಿಂದ ಟೈಪಾದ ಪಾಪಣ್ಣನ ವಯಸ್ಸು.

ಅದನ್ನು ತೆಗೆದುಹಾಕಲು ಒಂದು ನಿಮಿಷ ಸಾಕಿತ್ತು. ಮತದಾನಕ್ಕೆ ಹನ್ನೊಂದು ದಿನವಿತ್ತು. ಅವಳು ಯಶೋಧರನಿಗೆ ವಿಷಯ ಹೇಳಿದಳು. ಅವನು ಬಹಳ ವಿನಯದಿಂದ, ಇದರಲ್ಲಿ ಒಂದು ಮಾತಾದರೂ ಸುಳ್ಳಿದೆಯೇ ಮೇಡಂ ಎಂದು ಕೇಳಿದ. ಇರಲಿಲ್ಲ. ಅದೇ ಹೊತ್ತಿಗೆ ಪರದೆಯ ಮೇಲೆ ಕಾಲೋನಿಯ ಒಪ್ಪಿಗೆಯ ಹೂಂಗಳ ಅಂಕಿ ಏರುತ್ತಿತ್ತು, ಅದನ್ನು ನೋಡಿ ಅವಳಿಗೆ ಒಳಗೊಳಗೆ ಹೆಮ್ಮೆಯೂ ಆಯಿತು. ಜಗತ್ತಿನಲ್ಲಿ ಯಾರೂ ಮಾಡದ ಕೆಲಸ ಇದು ಎಂದು ಅನ್ನಿಸಿತು. ಕಡತವನ್ನು ಮುಚ್ಚಿದಳು.

ಆ ಹನ್ನೊಂದು ದಿನವೂ ಪಾಪಣ್ಣ ಬೆಳಗ್ಗೆ ಏಳಕ್ಕೇ ಕೊಡೆ ಹಿಡಿದು ಹೊರಡುತ್ತಿದ್ದ. ಯಾರೂ ಹೇಳದೆ, ಯಾವ ಪಕ್ಷಕ್ಕೂ ಸೇರದೆ, ತನ್ನ ಜೊತೆ ಕೆಲಸ ಮಾಡಿದವರ ಮನೆಗೆ ಹತ್ತು ಹೆಜ್ಜೆಗೊಮ್ಮೆ ನಿಂತು ನಿಂತು ಹೋಗುತ್ತಿದ್ದ. ಬೈಯಣ್ಣ ನಮ್ಮವನು, ಅವನ ಉಸಿರು ಕೇಳಿ ನೋಡಿ ಎನ್ನುತ್ತಿದ್ದ. ವಾಪಸ್ಸು ಬಂದು ಜಗಲಿಯಲ್ಲಿ ಕೂತು ಅರ್ಧ ಗಂಟೆ ಏದುತ್ತಿದ್ದ. ಜಯಶೀಲ ಬೈಯುತ್ತ ಎದೆ ನೀವುತ್ತಿದ್ದಳು. ಇಂದುಮತಿ ಒಳಗಿನ ಕೋಣೆಯಲ್ಲಿ ಬಟ್ಟೆ ಮಡಚುತ್ತ ಕೇಳಿಸಿಕೊಳ್ಳುತ್ತಿದ್ದಳು.

ಬೈಯಣ್ಣನವರು ಆರು ಸಾವಿರದ ಚಿಲ್ಲರೆ ಮತಗಳಿಂದ ಗೆದ್ದರು. ಕಾಲೋನಿಯ ನಾಲ್ಕು ವಾರ್ಡುಗಳು ಇಡಿಯಾಗಿ ಬಾರದಿದ್ದರೆ ಸೋಲುತ್ತಿದ್ದರು. ಇಂದುಮತಿ ಮೈಸೂರಿಗೆ ಹಿಂದಿರುಗಲಿಲ್ಲ. ಯಂತ್ರವನ್ನು ಸಂಸದರ ಕಚೇರಿಗೆ ಹೊಂದಿಸುವ ಕೆಲಸಕ್ಕೆ ಅಲ್ಲೇ ಉಳಿದಳು.

ಮಳೆಗಾಲದ ಅಧಿವೇಶನದಲ್ಲಿ ಮಸೂದೆ ಬಂತು. ಸ್ಥಳೀಯರ ಒಪ್ಪಿಗೆ ಕಡ್ಡಾಯ ಎಂಬ ಕಲಮು ಅದರಲ್ಲಿತ್ತು. ಯೋಜನೆಯ ವರದಿ ಬರೆದ ಸಲಹೆಗಾರರು ಒಪ್ಪಿಗೆಯನ್ನು ಹುಡುಕಲು ಎಲ್ಲಿಗೂ ಹೋಗಲಿಲ್ಲ. ಕರೆಗಳ ಬರಹರೂಪ ಸಾರ್ವಜನಿಕ ದಾಖಲೆಯಾಗಿತ್ತು. 'ಅದರ ಉಳಿಕೆಯನ್ನು ಎಲ್ಲಾದರೂ ಇಡಲೇಬೇಕು' ಎಂಬ ಮಾತನ್ನು ಕೇಳಿದ ಮೇಲೆ ಕೆಂಪಗುಡ್ಡ ಕ್ಷೇತ್ರದ ನೂರಕ್ಕೆ ಎಂಬತ್ತೊಂದು ಮನೆಗಳು 'ಹೂಂ' ಎಂದಿದ್ದವು. ಗಣಿ ಕಾಲೋನಿಯಲ್ಲಿ ತೊಂಬತ್ತಮೂರು. ಬೈಯಣ್ಣನವರು ಅದನ್ನು ಓದಿ ಪರವಾಗಿ ಮತ ಹಾಕಿದರು. ಸೆಪ್ಟೆಂಬರಿನಲ್ಲಿ ಕಾಲೋನಿಯ ಕ್ಲಬ್ಬಿನ ಗೋಡೆಗೆ ನೋಟೀಸು ಬಂತು: ಜನರ ಒಪ್ಪಿಗೆ ಈಗಾಗಲೇ ದಾಖಲಾಗಿರುವುದರಿಂದ ವಿಧಿಯ ಪ್ರಕಾರ ಒಂದು ದಿನದ ವಿಚಾರಣೆ ಮಾತ್ರ ನಡೆಯುವುದು.

ಜಯಶೀಲ ಅದನ್ನು ಓದಿಕೊಂಡು ಬಂದು ಗಂಡನಿಗೆ ಹೇಳಿದಳು. ಅವನು ಸಿಟ್ಟಾಗಲಿಲ್ಲ. ಎಲ್ಲೋ ತಪ್ಪಾಗಿದೆ, ಆ ಉಸಿರಿರುವ ಮನುಷ್ಯ ಹೀಗೆ ಮಾಡಲಾರ, ದೆಹಲಿಯಲ್ಲಿ ಯಾರೋ ಅವನನ್ನು ಏಮಾರಿಸಿದ್ದಾರೆ ಎಂದ. ಇಂದುಮತಿ ಒಂದು ಸಲ ತನ್ನನ್ನು ಅವರ ಹತ್ತಿರ ಕರೆದುಕೊಂಡು ಹೋದರೆ ತಾನೇ ಮಾತಾಡುತ್ತೇನೆ ಎಂದು ಕೇಳಿದ. ಆಗಲಿ ಎಂದು ಅವಳು ಹೇಳಿದಳು. ಹೇಳಿ, ಒಬ್ಬಳೇ ಹೋಗಿ ಬೈಯಣ್ಣನವರನ್ನು ಕಲ್ಯಾಣ ಮಂಟಪಕ್ಕೆ ಕರೆತಂದಳು.

ಮಧ್ಯಾಹ್ನದ ಹೊತ್ತು. ಹಾಲಿನಲ್ಲಿ ಅವರಿಬ್ಬರೇ. ಅವಳು ಅವರ ಏಳನೆಯ ನಿಲುವನ್ನು ಮೊದಲು ಬಯಲಿನವರು ಕೇಳಿದಂತೆ, ಆಮೇಲೆ ಕಾಲೋನಿಯವರು ಕೇಳಿದಂತೆ ಹಾಕಿದಳು. ಬೈಯಣ್ಣನವರು ಮತ್ತೆ ಹಾಕಲು ಹೇಳಿದರು. ಮೂರನೆಯ ಸಲ ಕೇಳಿ ಮುಖ ಒರೆಸಿಕೊಂಡರು.

"ಎರಡೂ ನಾನೇ," ಎಂದರು. "ನಾನು ಬರೆಸಿದ್ದು ಯಾವುದು ಅಂತ ನನಗೇ ಗೊತ್ತಾಯ್ತಾ ಇಲ್ಲ ಡಾಕ್ಟ್ರಮ್ಮ."

ಇದನ್ನು ವಿಚಾರಣೆಯಲ್ಲಿ ಜನರ ಮುಂದೆ ಹಾಕುತ್ತೇನೆ ಎಂದು ಅವಳು ಹೇಳಿದಳು. ಅವರು ಬೇಡವೆಂದು ಬೇಡಿಕೊಂಡರು. ಅಧಿಕಾರದ ಆಸೆಗೆ ಬೇಡಿಕೊಳ್ಳುತ್ತಿಲ್ಲ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಪರೀಕ್ಷೆಯ ಮಾತು, ಹಾಲಿನ ಮಾತು, ವಿಮೆಯ ಮಾತು, ಅವೆಲ್ಲ ತಾನು ಮನಸಾರೆ ಆಡಿದ್ದು. ಈ ಒಂದು ಹೊರಗೆ ಬಂದರೆ ಆ ಆರನ್ನೂ ಜನ ಉಗುಳುತ್ತಾರೆ, ತನ್ನ ತಂಗಿಯ ಮುಂದೆ ಹೇಗೆ ನಿಲ್ಲಲಿ ಎಂದರು. ಅವಳ ಮೊಣಕೈ ಹಿಡಿಯಲು ಕೈ ಚಾಚಿ, ನಡುವಲ್ಲೇ ಹಿಂದಕ್ಕೆಳೆದುಕೊಂಡರು. ಆ ಉಸಿರು ಯಾರದೆಂದು ಅವರು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ವಿಚಾರಣೆ ನಡೆದದ್ದು ಕ್ಲಬ್ಬಿನ ಹಳೆಯ ಕುಣಿತದ ಹಾಲಿನಲ್ಲಿ, ಬೆಳಗ್ಗೆ ಹನ್ನೊಂದಕ್ಕೆ. ಬ್ರಿಟಿಷರ ಕಾಲದ ಮರದ ನೆಲ, ಮುನ್ನೂರು ಕುರ್ಚಿ, ಬಾಗಿಲಿನಾಚೆ ನಿಂತವರು ಅಷ್ಟೇ ಮಂದಿ. ಪಾಪಣ್ಣ ಮೂರನೆಯ ಸಾಲಿನಲ್ಲಿ ಒಗೆದ ಶರಟು ಹಾಕಿಕೊಂಡು ಕೂತಿದ್ದ, ಪಕ್ಕದಲ್ಲಿ ಜಯಶೀಲ. ಇಂದುಮತಿ ಅವರಿಗೆ ಮುಂಚೆ ಏನೂ ಹೇಳಿರಲಿಲ್ಲ. ಹೇಳಬೇಕೆಂದು ಹಿಂದಿನ ಮೂರು ದಿನವೂ ಅಡುಗೆಮನೆಯ ಬಾಗಿಲವರೆಗೆ ಹೋಗಿ, ನೀರು ಕುಡಿದು ವಾಪಸ್ಸು ಬಂದಿದ್ದಳು.

ಅವಳ ಸರದಿ ಬಂದಾಗ ಎದ್ದು, ತಾನು ಯಾರು, ಏನು ಮಾಡಿದೆ ಎಂದು ಹೇಳಿದಳು. ಕಷ್ಟದ ಪದಗಳನ್ನು ಬಿಟ್ಟು, ಹೂಂ ಎನ್ನುವುದನ್ನು ಯಂತ್ರ ಹೇಗೆ ಅಳೆಯಿತೆಂದು ವಿವರಿಸಿದಳು. ಎರಡು ಧ್ವನಿಗಳನ್ನೂ ಹಾಕಿದಳು. ಮೊದಲನೆಯದನ್ನು ಕೇಳಿ ಕಾಲೋನಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಥ ಮಾತನ್ನು ಅವರು ಕೇಳಿಯೇ ಇರಲಿಲ್ಲ. ಎರಡನೆಯದು ಅವರಿಗೆ ಗುರುತಿತ್ತು. ಎರಡರ ಬರಹವೂ ಒಂದೇ ಎಂದು ಅವಳು ತೋರಿಸಿದಳು. ಕಾಲೋನಿಯ ಜನ ಹೂಂ ಎಂದದ್ದು ಹೂಳುವುದಕ್ಕೆ ಅಲ್ಲ, ಹೂಳಬಾರದು ಎನ್ನುವುದಕ್ಕೆ. ಆದ್ದರಿಂದ ದಾಖಲಾಗಿರುವ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದಳು. ತಪ್ಪು ತನ್ನದು, ಕ್ಷಮೆ ಕೇಳುತ್ತೇನೆ ಎಂದಳು. ಹೇಳುತ್ತ ಹೋದಂತೆ ಎದೆ ಹಗುರಾಗುತ್ತಿತ್ತು. ಇಷ್ಟಕ್ಕೇ ಮುಗಿಯುತ್ತದೆ, ಉಳಿದದ್ದನ್ನು ಹೇಳಬೇಕಾಗಿಲ್ಲ ಎಂದು ಅವಳ ಮನಸ್ಸು ಲೆಕ್ಕ ಹಾಕುತ್ತಿತ್ತು. ಆ ಲೆಕ್ಕ ಅವಳಿಗೇ ಕೇಳಿಸುತ್ತಿತ್ತು.

ವಿಚಾರಣಾಧಿಕಾರಿ ಸಂಸದರನ್ನು ಕೇಳಿದರು. ಬೈಯಣ್ಣನವರು ಕೊನೆಯ ಸಾಲಿನಲ್ಲಿದ್ದರು. ಬರುವುದಿಲ್ಲ ಎಂದವರು ಬಂದಿದ್ದರು. ಎದ್ದು ನಿಂತರು.

"ವಾಕ್ಯ ನನ್ನದೇ. ನಾನೇ ಸಹಿ ಹಾಕಿದ್ದು. ಯಾರಿಗೂ ಬೇಜಾರಾಗಬಾರದು ಅಂತ ಹಂಗೆ ಬರೆಸಿದೆ, ಅದು ನನ್ನ ತಪ್ಪು," ಎಂದರು. "ಆದರೆ ಆ ಉಸಿರು ನನ್ನದಲ್ಲ. ನನಗೆ ಎದೆ ರೋಗ ಯಾವುದೂ ಇಲ್ಲ."

ಹಾಲಿನಲ್ಲಿ ಗುಸುಗುಸು ಎದ್ದಿತು. ಪಾಪಣ್ಣ ಮುಂದಿನ ಕುರ್ಚಿಯ ಬೆನ್ನು ಹಿಡಿದು ನಿಧಾನವಾಗಿ ಎದ್ದ. ಅವನು ನೋಡಿದ್ದು ಸಂಸದರ ಕಡೆಗಲ್ಲ.

"ಹಂಗಾದ್ರೆ ಅದು ಯಾರ್ದಮ್ಮ, ಇಂದು?"

ಅಕ್ಕ ತನ್ನನ್ನೇ ನೋಡುತ್ತಿದ್ದಾಳೆ ಎಂದು ಇಂದುಮತಿಗೆ ಗೊತ್ತಿದ್ದರೂ ಆ ಕಡೆ ತಿರುಗಲಾಗಲಿಲ್ಲ.

"ನಿಮ್ದು ಭಾವ," ಎಂದಳು. "ಆಗ ನನ್ನ ಓದಿಗೆ ಅಂತ ಕೊಟ್ಟಿದ್ರಲ್ಲ, ಅದೇ."

ಅವನು ಅರ್ಥ ಮಾಡಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಅವನ ಸುತ್ತ ಕೂತಿದ್ದವರು ಅವನ ಮಾತು ನಂಬಿ ಮತ ಹಾಕಿದವರು. ಅವರ ತಲೆಗಳು ಒಂದೊಂದಾಗಿ ಅವನ ಕಡೆ ತಿರುಗಿದವು. ತನ್ನದೇ ಉಸಿರು ಕೇಳಿ ತಾನೇ ಮರುಳಾಗಿ, ಬಿಸಿಲಲ್ಲಿ ಕೊಡೆ ಹಿಡಿದು ಮನೆಮನೆಗೆ ಹೋದದ್ದು ಅವನ ಕಣ್ಣ ಮುಂದೆ ಬಂದಿರಬೇಕು. ಇಂದುಮತಿ ಜೀವನದಲ್ಲಿ ಮೊದಲ ಸಲ ಅವನ ಮುಖದಲ್ಲಿ ನಾಚಿಕೆಯನ್ನು ನೋಡಿದಳು. ಅವಳು ತನಗಾಗಿ ಇಟ್ಟುಕೊಳ್ಳಬೇಕಿದ್ದ ನಾಚಿಕೆ ಅದು. ಅವನ ತಲೆಯ ಮೇಲೆ ಹೋಗಿ ಕೂತಿತ್ತು.

"ಅವತ್ತು ತಟ್ಟೆ ಮುಂದೆ ಕೇಳ್ದೆ," ಎಂದ ಅವನು. "ನೀನು ಇರಬಹುದು ಅಂದೆ." ಕುರ್ಚಿಯ ಬೆನ್ನು ಬಿಟ್ಟು ಕೂತ.

ಅಧಿಕಾರಿ ಎಲ್ಲವನ್ನೂ ಬರೆಸಿಕೊಂಡರು. ತಿಂಗಳೊಳಗೆ ಆದೇಶ ಬಂತು. ಕರೆಗಳ ಆಧಾರದ ಒಪ್ಪಿಗೆ ರದ್ದಾಯಿತು. ಕ್ಷೇತ್ರದ ಪ್ರತಿಯೊಬ್ಬ ವಯಸ್ಕರಿಂದಲೂ ಚೀಟಿಯಲ್ಲಿ ಹೊಸದಾಗಿ ಅಭಿಪ್ರಾಯ ತೆಗೆದುಕೊಳ್ಳಬೇಕೆಂದಾಯಿತು. ಅದು ಎತ್ತ ವಾಲುತ್ತದೋ ಯಾರೂ ಹೇಳುವಂತಿರಲಿಲ್ಲ, ಏಕೆಂದರೆ ಬಯಲಿನ ತಾಲೂಕುಗಳ ಕರೆಂಟಿಲ್ಲದ ಸೆಕೆ ಹಾಗೇ ಇತ್ತು. ಬೈಯಣ್ಣನವರು ರಾಜೀನಾಮೆ ಕೊಡಲಿಲ್ಲ. ಬೆಳಗಿನ ತಂಪಿನಲ್ಲಿ ಯಂತ್ರವಿಲ್ಲದೆ ಕಾಲೋನಿಯ ಮನೆಗಳಿಗೆ ನಡೆದು ಹೋಗತೊಡಗಿದರು. ಕೆಲವರು ಬಾಗಿಲು ತೆರೆಯಲಿಲ್ಲ. ಕೆಲವರು ತೆರೆದು, ನಿಮ್ಮ ನಿಲುವೇನು ಈಗ ಹೇಳಿ ಎಂದು ನೇರವಾಗಿ ಕೇಳಿದರು. ಈ ಗಣಿಯಲ್ಲಿ ಬೇಡ ಎಂದು ಅವರು ಹೇಳಿದರಂತೆ. ಪಕ್ಕದ ತಾಲೂಕಿನಲ್ಲೂ ಇದೇ ಮಾತನ್ನು ಹೀಗೇ ಹೇಳುತ್ತೀರಾ ಎಂದು ಒಬ್ಬಾಕೆ ಕೇಳಿದಾಗ ಬೆವರಿದರಂತೆ. ಆದರೂ ಹೋಗಿ ಹೇಳಿದರು, ಅಲ್ಲಿ ಬೈಸಿಕೊಂಡರು ಎಂದು ಸುದ್ದಿ ಬಂತು.

ಇಂದುಮತಿ ಕೆಲಸ ಬಿಟ್ಟಳು. ನಲವತ್ತೆರಡು ಮುದ್ರಣಗಳನ್ನೂ ಯಂತ್ರದಿಂದ ಅಳಿಸಿ, ಬದುಕಿ ಉಳಿದಿದ್ದ ಹತ್ತೊಂಬತ್ತು ಜನರ ಮನೆಗೆ ಹೋಗಿ, ನಿಮ್ಮ ಉಸಿರನ್ನು ಹೀಗೆ ಬಳಸಿದೆ ಎಂದು ಒಬ್ಬೊಬ್ಬರಿಗೂ ಹೇಳಿದಳು. ಬೈದವರ ಮನೆಯಿಂದ ಹೊರಬರುವುದು ಸುಲಭವಾಗಿತ್ತು. ಕಾಫಿ ಕೊಟ್ಟು, ಪರವಾಗಿಲ್ಲ ಬಿಡಮ್ಮ ಎಂದವರ ಮನೆಯಲ್ಲಿ ಲೋಟ ಎತ್ತಲಾಗಲಿಲ್ಲ.

ಅಕ್ಕನ ಮನೆಯಲ್ಲಿ ಯಾರೂ ಅವಳನ್ನು ಹೋಗು ಎನ್ನಲಿಲ್ಲ. ಜಯಶೀಲ ಬೈಯಲೂ ಇಲ್ಲ. ಮೊದಲೆಲ್ಲ ಕೇಳದೆಯೇ ತಟ್ಟೆಗೆ ಹಾಕುತ್ತಿದ್ದವಳು ಈಗ ಅವಳಿಗೆ ಬೇರೆ ಬಡಿಸಿ, ಸಾಕಾ, ಇನ್ನೂ ಸ್ವಲ್ಪ ಹಾಕಲಾ ಎಂದು ನೆಂಟರನ್ನು ಕೇಳುವಂತೆ ಕೇಳುತ್ತಿದ್ದಳು. ಪಾಪಣ್ಣನೂ ಮಾತು ಬಿಡಲಿಲ್ಲ. ಬಸ್ಸಿನ ಬಗ್ಗೆ, ನೀರಿನ ಬಗ್ಗೆ ಒಂದೆರಡು ಮಾತಾಡುತ್ತಿದ್ದ. ಏನು ಬದಲಾಗಿದೆ ಎಂದು ಅವಳಿಗೆ ಕೆಲವು ದಿನ ತಿಳಿಯಲಿಲ್ಲ.

ಒಂದು ಬೆಳಗ್ಗೆ ಹೊರಗಿನಿಂದ ಬರುತ್ತಿದ್ದಾಗ, ಒಳಗೆ ಅವನು ಏದುತ್ತಿರುವುದು ಬೀದಿಗೇ ಕೇಳುತ್ತಿತ್ತು. ಅವಳು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು. ಸದ್ದು ನಿಂತಿತು. ಪಾಪಣ್ಣ ಗೋಡೆಗೊರಗಿ, ತುಟಿ ಬಿಗಿದು, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಕತ್ತಿನ ನರ ಉಬ್ಬಿತ್ತು. ಅವಳು ಏನೋ ಕೇಳಿದಳು. ಅವನು ಬಾಯಿ ತೆರೆಯದೆ ತಲೆಯಾಡಿಸಿದ. ಮುಖ ಕಪ್ಪಿಡುತ್ತ ಬಂತು. ಅವಳು ಇರುವವರೆಗೂ ಅವನು ಉಸಿರು ಬಿಡುವುದಿಲ್ಲ ಎಂದು ಆಗ ಅವಳಿಗೆ ಗೊತ್ತಾಯಿತು.

ಅವಳು ಕೋಣೆಗೆ ಹೋಗಿ ಸಿಕ್ಕಷ್ಟು ಬಟ್ಟೆಯನ್ನು ಚೀಲಕ್ಕೆ ತುಂಬಿದಳು. ಅಕ್ಕನಿಗೆ ಹೇಳಲೂ ನಿಲ್ಲಲಿಲ್ಲ. ಅವನಿಗೆ ಉಸಿರಾಡಲು ಆಗಲಿ ಎಂದು ಬೇಗಬೇಗ ಹೆಜ್ಜೆ ಹಾಕಿ, ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು, ಬೀದಿಗೆ ಇಳಿದಳು.